ಕಡಲ ಗಾಳಿಯ ಕರೆಂಟು ದಡ ಮುಟ್ಟುವ ಬಗೆ

ಗದಗದ ಓದುಗರೊಬ್ಬರ ಪತ್ರ: "ನಮ್ಮ ಕಡೆ ಗಾಳಿಯಂತ್ರಗಳ ಕರೆಂಟು ಕಂಬ, ತಂತಿ ಹಿಡಿದು ಸಬ್‌ಸ್ಟೇಷನ್‌ಗೆ ಹೋಗುವುದನ್ನು ದಿನಾ ನೋಡುತ್ತೇವೆ. ಇಂಗ್ಲೆಂಡಿನಲ್ಲಿ ದಡದಿಂದ ನೂರಿಪ್ಪತ್ತು ಕಿಲೋಮೀಟರ್ ದೂರದ ಕಡಲಿನಲ್ಲೇ ಯಂತ್ರಗಳನ್ನು ನಿಲ್ಲಿಸಿದ್ದಾರಂತೆ. ನಿಲ್ಲಿಸುವುದು ಹೇಗೆ, ಕರೆಂಟು ತರುವುದು ಹೇಗೆ? 2019ರಲ್ಲಿ ಅಲ್ಲಿ ಕರೆಂಟು ಹೋದದ್ದಕ್ಕೆ ಇವೇ ಕಾರಣವೆನ್ನುವುದು ನಿಜವೇ? ಕಾರವಾರ, ಮಲ್ಪೆಯ ಕಡಲಲ್ಲಿ ಏಕಿಲ್ಲ?"

ಮಾನ್ಯರೇ,

ನೀವು ಹೇಳುತ್ತಿರುವುದು ಯಾರ್ಕ್‌ಷೈರ್ ಕರಾವಳಿಯಾಚೆಯ ಹಾರ್ನ್‌ಸೀ ಒಂದನೇ ಘಟಕದ ಬಗ್ಗೆ. ತಲಾ 7 ಮೆಗಾವಾಟ್‌ನ 174 ಯಂತ್ರಗಳು, ಒಟ್ಟು 1,218 ಮೆಗಾವಾಟ್. ಇಂಥ ಘಟಕದ ಫೋಟೊಗಳಲ್ಲಿ ರೆಕ್ಕೆಗಳೇ ಕಾಣುತ್ತವೆ. ಆದರೆ ಘಟಕ ಗೆಲ್ಲುವುದೂ ಸೋಲುವುದೂ ನೀರಿನ ಕೆಳಗಿರುವ ಕೇಬಲ್‌ನಿಂದ. ಹಾಗಾಗಿ ಕಟ್ಟುವ ಕೆಲಸವನ್ನು ಬೇಗ ಹೇಳಿ ಮುಗಿಸಿ, ಕೇಬಲ್ ಬಗ್ಗೆ ಹೆಚ್ಚು ಬರೆಯುತ್ತೇವೆ.

ಅಡಿಪಾಯವೆಂದರೆ ಒಂದೇ ಒಂದು ಉಕ್ಕಿನ ಕೊಳವೆ, ಮೋನೊಪೈಲ್ ಎನ್ನುತ್ತಾರೆ. ಇಲ್ಲಿ ಅದರ ವ್ಯಾಸ 8.1 ಮೀಟರ್, ಉದ್ದ ಸುಮಾರು 65 ಮೀಟರ್, ತೂಕ ಸುಮಾರು 800 ಟನ್. ಕ್ರೇನಿನಿಂದ ನೆಟ್ಟಗೆ ನಿಲ್ಲಿಸಿ ಹೈಡ್ರಾಲಿಕ್ ಸುತ್ತಿಗೆಯಿಂದ ಸಮುದ್ರತಳಕ್ಕೆ ಬಡಿಯುತ್ತಾರೆ. ಮೊದಲ ಪೆಟ್ಟುಗಳು ಮೆಲ್ಲಗಿರುತ್ತವೆ. ಹತ್ತಿರದ ಹಂದಿಮೀನುಗಳಿಗೆ ದೂರ ಹೋಗಲು ಸಮಯ ಸಿಗಲಿ ಎಂದು. ಕೊಳವೆ ಒಂದು ಡಿಗ್ರಿಯಷ್ಟು ವಾಲಿದರೂ ಒಪ್ಪುವುದಿಲ್ಲ. ಅಲೆಯ ಸೆಳೆತಕ್ಕೆ ಬುಡದ ಮರಳು ಕೊಚ್ಚಿ ಹೋಗುವುದರಿಂದ ಸುತ್ತಲೂ ಕಲ್ಲು ಸುರಿಯುತ್ತಾರೆ. ಈ ಕಲ್ಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ತೊಂದರೆ ಕೊಡುತ್ತದೆ.

ಕೊಳವೆಗೂ ಗೋಪುರಕ್ಕೂ ನಡುವೆ ಒಂದು ಜೋಡಣೆಯ ಭಾಗವಿರುತ್ತದೆ. ಹಿಂದೆ ಎರಡರ ಸಂದಿಗೆ ಗಾರೆ ತುಂಬಿ ಕೂರಿಸುತ್ತಿದ್ದರು. 2010ರ ಸುಮಾರಿಗೆ ಉತ್ತರ ಸಮುದ್ರದ ಹಲವು ಘಟಕಗಳಲ್ಲಿ ಗಾರೆ ಬಿರಿದು, ಮೇಲಿನ ಭಾಗ ನಿಧಾನಕ್ಕೆ ಕೆಳಗೆ ಜಾರುತ್ತಿರುವುದು ಕಂಡುಬಂತು. ಅಲ್ಲಿಂದೀಚೆಗೆ ಬೋಲ್ಟ್ ಹಾಕಿ ಬಿಗಿಯುವ ಚಾಚುಪಟ್ಟಿಯೇ ಹೆಚ್ಚು ಬಳಕೆಗೆ ಬಂತು. ಗೋಪುರ, ಮೇಲಿನ ಯಂತ್ರಪೆಟ್ಟಿಗೆ, ರೆಕ್ಕೆಗಳನ್ನು ಏರಿಸಲು ಕಾಲುಳ್ಳ ಹಡಗು ಬೇಕು. ಅದು ಸಮುದ್ರತಳಕ್ಕೆ ಕಾಲೂರಿ ತನ್ನ ಒಡಲನ್ನು ಅಲೆಗಿಂತ ಮೇಲಕ್ಕೆತ್ತಿಕೊಂಡು ಅಲುಗದೆ ನಿಲ್ಲುತ್ತದೆ. ಒಂದೊಂದು ರೆಕ್ಕೆ 75 ಮೀಟರ್. ಗಾಳಿ ಸೆಕೆಂಡಿಗೆ ಹತ್ತು, ಹನ್ನೆರಡು ಮೀಟರ್ ದಾಟಿದರೆ ರೆಕ್ಕೆ ಎತ್ತುವಂತಿಲ್ಲ. ಗಾಳಿಗಾಗಿಯೇ ಆರಿಸಿದ ಜಾಗದಲ್ಲಿ ಗಾಳಿ ಇಳಿಯಲೆಂದು ಹಡಗು ದಿನಗಟ್ಟಲೆ ಕಾಯುತ್ತದೆ, ಬಾಡಿಗೆ ಏರುತ್ತಲೇ ಇರುತ್ತದೆ.

ಇನ್ನು ಕೇಬಲ್. ಯಂತ್ರದೊಳಗೆ ಸಾವಿರ ವೋಲ್ಟ್‌ಗಿಂತ ಕಡಿಮೆಯಲ್ಲಿ ಹುಟ್ಟುವ ಕರೆಂಟನ್ನು ಅಲ್ಲೇ ಇರುವ ಟ್ರಾನ್ಸ್‌ಫಾರ್ಮರ್ ಮೇಲೇರಿಸುತ್ತದೆ. ಮೊದಲೆಲ್ಲ 33 ಕಿಲೋವೋಲ್ಟ್ ಸುಮಾರಿಗೆ ನಿಲ್ಲುತ್ತಿತ್ತು, ಹೊಸ ಘಟಕಗಳಲ್ಲಿ 66. ವೋಲ್ಟೇಜ್ ಇಮ್ಮಡಿಯಾದರೆ ಅಷ್ಟೇ ದಪ್ಪದ ತಾಮ್ರದಲ್ಲಿ ಇಮ್ಮಡಿ ವಿದ್ಯುತ್ ಸಾಗುತ್ತದೆ. ಕೆಲವು ಯಂತ್ರಗಳನ್ನು ಒಂದರ ಹಿಂದೊಂದು ಪೋಣಿಸಿ, ಆ ಸಾಲುಗಳನ್ನು ಕಡಲ ಮೇಲಿನ ಸಬ್‌ಸ್ಟೇಷನ್‌ಗೆ ತರುತ್ತಾರೆ. ಹಾರ್ನ್‌ಸೀಯಲ್ಲಿ ಅಂಥವು ಮೂರು. ಅಲ್ಲಿ 220 ಕಿಲೋವೋಲ್ಟ್‌ಗೆ ಏರಿ ದಡದತ್ತ ಹೊರಡುತ್ತದೆ.

ನಿಮ್ಮೂರಿನ ಕಂಬದ ತಂತಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಕಡಲ ಕೇಬಲ್‌ನಲ್ಲಿ ವಾಹಕದ ಸುತ್ತ ನಿರೋಧಕ ಪ್ಲಾಸ್ಟಿಕ್, ಅದರ ಮೇಲೆ ನೀರು ತಡೆಯಲು ಸೀಸದ ಹೊದಿಕೆ, ಹೊರಗೆ ಉಕ್ಕಿನ ತಂತಿಗಳ ಕವಚ. ವಾಹಕ ಮತ್ತು ಹೊದಿಕೆಯ ನಡುವೆ ನಿರೋಧಕ ಕೂತಿರುವುದರಿಂದ ಇಡೀ ಕೇಬಲ್ ಒಂದು ಉದ್ದನೆಯ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಸಾಧನ, ಆಗಿಬಿಡುತ್ತದೆ. ಎಸಿ ಕರೆಂಟು ಸೆಕೆಂಡಿಗೆ 50 ಆವರ್ತ ದಿಕ್ಕು ಬದಲಿಸುವಾಗ ಪ್ರತಿ ಸಲವೂ ಅದನ್ನು ತುಂಬಬೇಕು, ಬರಿದು ಮಾಡಬೇಕು. ಉದ್ದದ ಪೈಪಿನಲ್ಲಿ ತುದಿಯ ನಲ್ಲಿಗೆ ನೀರು ತಲುಪುವ ಮೊದಲು ಪೈಪೇ ತುಂಬಬೇಕಾದಂತೆ. ಕೇಬಲ್ ಉದ್ದವಾದಷ್ಟೂ ಅದರ ಶಕ್ತಿ ಈ ತುಂಬುವ ಕೆಲಸಕ್ಕೇ ಖರ್ಚಾಗಿ, ಉಪಯೋಗಕ್ಕೆ ಬರುವ ವಿದ್ಯುತ್ತಿಗೆ ಜಾಗ ಕಡಿಮೆಯಾಗುತ್ತದೆ. ಅದಕ್ಕೇ ಹಾರ್ನ್‌ಸೀಯ ಕೇಬಲ್ ಹಾದಿಯ ನಡುವೆ, ಕಡಲಲ್ಲೇ, ರಿಯಾಕ್ಟರ್‌ಗಳನ್ನು (ಅಣುಸ್ಥಾವರದವಲ್ಲ, ದೊಡ್ಡ ತಂತಿ ಸುರುಳಿಗಳು) ಹೊತ್ತ ಇನ್ನೊಂದು ವೇದಿಕೆ ನಿಲ್ಲಿಸಿದ್ದಾರೆ. ಅದು ಈ ಹೊರೆಯನ್ನು ಸರಿದೂಗಿಸುತ್ತದೆ. ಪಕ್ಕದ ಡಾಗರ್ ಬ್ಯಾಂಕ್ ಘಟಕದವರು ಬೇರೆ ದಾರಿ ಹಿಡಿದರು: ಕಡಲಲ್ಲೇ ಎಸಿಯನ್ನು ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿಗೆ ಬದಲಿಸಿ ಕಳಿಸುತ್ತಾರೆ. ಡಿಸಿಗೆ ಕೇಬಲನ್ನು ಮತ್ತೆಮತ್ತೆ ತುಂಬುವ ಕಾಟವಿಲ್ಲ, ಆದರೆ ಎರಡೂ ತುದಿಯಲ್ಲಿ ದುಬಾರಿ ಪರಿವರ್ತಕ ಬೇಕು.

ದಡ ಮುಟ್ಟಿದ ಕೇಬಲ್ ಲಿಂಕನ್‌ಷೈರ್‌ನ ನೆಲದಡಿಯಲ್ಲೇ ನಾರ್ತ್ ಕಿಲ್ಲಿಂಗ್‌ಹೋಮ್‌ನ ಸಬ್‌ಸ್ಟೇಷನ್‌ವರೆಗೆ ಹೋಗಿ, 400 ಕಿಲೋವೋಲ್ಟ್ ಗ್ರಿಡ್ ಸೇರುತ್ತದೆ.

ಕೇಬಲ್ ಕೆಡುವುದು ಉಪ್ಪುನೀರಿನಿಂದಲ್ಲ. ಹಡಗಿನ ಲಂಗರು ಸಿಕ್ಕಿಕೊಳ್ಳುತ್ತದೆ, ಹಾಕುವಾಗಲೇ ಮಿತಿಮೀರಿ ಬಾಗಿರುತ್ತದೆ, ಮರಳಿನ ದಿಬ್ಬ ಸರಿದು ಹೂತ ಕೇಬಲ್ ಬಯಲಾಗುತ್ತದೆ. ಮೇಲೆ ಹೇಳಿದ ಕಲ್ಲಿನ ಪ್ರಸಂಗವೂ ಇದೆ. ಹಾರ್ನ್‌ಸೀ ಕಟ್ಟಿದ ಡೆನ್ಮಾರ್ಕಿನ ಓರ್ಸ್ಟೆಡ್ ಕಂಪನಿ 2021ರಲ್ಲಿ ತನ್ನ ಹತ್ತು ಘಟಕಗಳವರೆಗೆ ಒಂದೇ ದೋಷ ಇರಬಹುದೆಂದು ಪ್ರಕಟಿಸಿತು. ಕೇಬಲ್ ಮೋನೊಪೈಲ್ ಒಳಹೊಗುವ ಕಡೆ ಅದಕ್ಕೆ ತೊಡಿಸಿದ್ದ ರಕ್ಷಾಕವಚ ಬುಡದ ಕಲ್ಲುಗಳ ಮೇಲೆ ಅತ್ತಿತ್ತ ಉಜ್ಜಿ ಸವೆದಿತ್ತು. ಸವೆತ ಒಳಗೆ ಇಳಿದರೆ ಕೇಬಲ್ಲೇ ಹೋಗುತ್ತದೆ. ಸರಿಪಡಿಸಲು 300 ಕೋಟಿ ಡ್ಯಾನಿಷ್ ಕ್ರೋನರ್‌ವರೆಗೆ ಖರ್ಚಾಗಬಹುದೆಂದು ಅಂದಾಜಿಸಿದರು. ಕೇಬಲ್ಲನ್ನು ಅಲುಗದಂತೆ ಹಿಡಿದಿಡಲು ಕವಚದ ಮೇಲೂ ಒಂದು ಪದರ ಕಲ್ಲು ಸುರಿಯುವುದು ಸರಳ ಪರಿಹಾರ. ಮೊದಲೇ ಮಾಡಿದ್ದರೆ ಎಷ್ಟೋ ಉಳಿಯುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ನಡುಗಡಲಲ್ಲಿ ಕೇಬಲ್ ತುಂಡಾದರೆ ರಿಪೇರಿಯೂ ಸುಲಭವಲ್ಲ. ಒಂದು ತುದಿಯಿಂದ ವಿದ್ಯುತ್ ಮಿಡಿತ ಕಳಿಸಿ, ಅದು ಮರಳುವ ಸಮಯ ಅಳೆದು ದೋಷದ ಜಾಗ ಹುಡುಕುತ್ತಾರೆ. ಕೆಟ್ಟ ಭಾಗ ಕತ್ತರಿಸಿ ಮೇಲೆತ್ತಿ, ಹೊಸ ತುಂಡು ಸೇರಿಸುತ್ತಾರೆ. ತಳದಲ್ಲಿದ್ದ ಕೇಬಲ್ ಹಡಗಿನವರೆಗೆ ಬರಲು ಹೆಚ್ಚುವರಿ ಉದ್ದ ಬೇಕಲ್ಲ, ಆದ್ದರಿಂದ ಯಾವಾಗಲೂ ಎರಡು ಜೋಡಣೆ. ಪ್ರತಿ ಜೋಡಣೆಗೂ ಶಾಂತ ಕಡಲು ದಿನಗಟ್ಟಲೆ ಬೇಕು.

2019ರ ಪ್ರಶ್ನೆಗೆ ಬರೋಣ. ಆಗಸ್ಟ್ 9ರ ಸಂಜೆ 4.52ಕ್ಕೆ ಲಂಡನ್ನಿನ ಉತ್ತರಕ್ಕೆ ಒಂದು ಪ್ರಸರಣ ಮಾರ್ಗಕ್ಕೆ ಸಿಡಿಲು ಬಡಿಯಿತು. ಮಾರ್ಗವೇನೋ ತಕ್ಷಣ ಸರಿಹೋಯಿತು. ಆದರೆ ವೋಲ್ಟೇಜ್ ಒಂದು ಕ್ಷಣ ಕುಗ್ಗಿದ್ದಕ್ಕೆ, ಇನ್ನೂ ಪೂರ್ತಿ ಆಗದಿದ್ದ ಹಾರ್ನ್‌ಸೀಯ ನಿಯಂತ್ರಣ ವ್ಯವಸ್ಥೆ ಸಮಾಧಾನವಾಗುವ ಬದಲು ತೂಗಾಡತೊಡಗಿ, ಯಂತ್ರಗಳು ತಾವೇ ಆಫ್ ಆದವು. 799 ಮೆಗಾವಾಟ್ 62ಕ್ಕೆ ಇಳಿಯಿತು. ಅದೇ ಹೊತ್ತಿಗೆ ಲಿಟಲ್ ಬಾರ್ಫರ್ಡ್‌ನ ಅನಿಲ ಸ್ಥಾವರವೂ ನಿಂತಿತು. ಗ್ರಿಡ್ ಇಟ್ಟುಕೊಂಡಿದ್ದ ಮೀಸಲು 1,000 ಮೆಗಾವಾಟ್. ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು. ಸೆಕೆಂಡಿಗೆ 50 ಆವರ್ತ ಇರಬೇಕಾದ ಫ್ರೀಕ್ವೆನ್ಸಿ 48.8 ಹರ್ಟ್ಸ್‌ಗೆ ಕುಸಿದು, ಸುಮಾರು 11 ಲಕ್ಷ ಗ್ರಾಹಕರ ಸಂಪರ್ಕ ತಾನಾಗಿ ಕಡಿದುಹೋಯಿತು. ಮುಕ್ಕಾಲು ಗಂಟೆಯೊಳಗೆ ವಾಪಸ್ ಬಂತು. ಆದ್ದರಿಂದ ಗಾಳಿ ಕೈಕೊಟ್ಟಿತು ಎನ್ನುವುದು ತಪ್ಪು. ಕೆಟ್ಟದ್ದು ಸಾಫ್ಟ್‌ವೇರಿನ ಹೊಂದಾಣಿಕೆ, ಮರುದಿನವೇ ಅದನ್ನು ಬದಲಿಸಿದರು.

ಇನ್ನು ನಮ್ಮ ಕರಾವಳಿ. ಗಾಳಿಯ ವೇಗ ಸೆಕೆಂಡಿಗೆ 8 ಮೀಟರ್‌ನಿಂದ 10ಕ್ಕೆ ಏರಿದರೆ ಅದರ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಕಾರವಾರ, ಮಲ್ಪೆಯಲ್ಲಿ ಮಳೆಗಾಲದ ಗಾಳಿ ಜೋರಿದ್ದರೂ ಉಳಿದ ತಿಂಗಳುಗಳಲ್ಲಿ ಮೆತ್ತಗಾಗುತ್ತದೆ. ಹಾಗಾಗಿ ಕೇಂದ್ರ ಸರ್ಕಾರ ಗುಜರಾತಿನ ಖಂಭಾತ್ ಕೊಲ್ಲಿಯನ್ನೂ ತಮಿಳುನಾಡಿನ ಮನ್ನಾರ್ ಕೊಲ್ಲಿಯ ಕಡೆಯನ್ನೂ ಆರಿಸಿತು. 2024ರ ಜೂನ್‌ನಲ್ಲಿ ತಲಾ 500 ಮೆಗಾವಾಟ್‌ಗೆ ಒಟ್ಟು 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿಗೆ ಸಿಕ್ಕಿತು. ಆ ಮೊತ್ತದಲ್ಲಿ 600 ಕೋಟಿ ಬರೀ ಎರಡು ಬಂದರುಗಳ ಸುಧಾರಣೆಗೆ. ಎಂಟುನೂರು ಟನ್ ಕೊಳವೆಯನ್ನು ಇಳಿಸಿ, ಮಲಗಿಸಿ, ಹಡಗಿಗೆ ಏರಿಸುವಷ್ಟು ಗಟ್ಟಿಯಾದ ಹಡಗುಕಟ್ಟೆ ಮೊದಲು ಬೇಕು.

— ಸಂಪಾದಕರು