ಆ ಗುಮಾಸ್ತ ಯಾಕೆ ಗಹಗಹಿಸಿದ?

ನಮಸ್ಕಾರ. ನೀವು ಕಳಿಸಿದ ‘ಎರಡು ಹಡಗು’ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೇ ಸಲ ಸಿಟ್ಟಿನಿಂದ. ಭಾಷೆ ಹಿಡಿತದಲ್ಲಿದೆ, ಅಮ್ಮನ ಪಾತ್ರ ಚೆನ್ನಾಗಿ ಬಂದಿದೆ. ಹೊಗಳಿಕೆ ಇಷ್ಟು ಸಾಕು ಅಲ್ವಾ?

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. 1913ರಲ್ಲಿ ಅಣ್ಣ ಮಂಗಳೂರು ಬಂದರಿನಿಂದ ಬಾಂಬೆಗೆ ಹೋಗಿ, ಅಲ್ಲಿಂದ ಪೂರ್ವ ಆಫ್ರಿಕಾದ ಮೊಂಬಾಸಾಕ್ಕೆ ಹಡಗು ಹತ್ತುತ್ತಾನೆ. ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. 1917ರಲ್ಲಿ ಅವನಿಗೆ ಹುಷಾರಿಲ್ಲ ಎಂದು ಕಾಗದ ಬರುತ್ತದೆ. ತಮ್ಮ ಹೊರಡುತ್ತಾನೆ. ಆದರೆ ಅವನಿಗೆ ಪಾಸ್‌ಪೋರ್ಟ್ ಸಿಗುವುದಿಲ್ಲ.

ಈಗ ನಿಮ್ಮ ಮೊದಲ ಪುಟಕ್ಕೆ ಬರೋಣ. “ಅಣ್ಣ ಪಾಸ್‌ಪೋರ್ಟನ್ನು ಎದೆಗವಚಿಕೊಂಡು ದೋಣಿ ಹತ್ತಿದ.”

ಯಾವ ಪಾಸ್‌ಪೋರ್ಟ್ ಮಾರಾಯ್ರೇ? 1913ರಲ್ಲಿ ಹಿಂದೂಸ್ತಾನದಿಂದ ಹೊರಡುವವನಿಗೆ ಪಾಸ್‌ಪೋರ್ಟ್ ಕಡ್ಡಾಯವೇ ಇರಲಿಲ್ಲ. ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದರು. ಮೊದಲ ಮಹಾಯುದ್ಧ ಶುರುವಾದದ್ದು 1914ರಲ್ಲಿ. ಆ ಸೆಪ್ಟೆಂಬರಿನಲ್ಲೇ ಒಳಗೆ ಬರುವವರನ್ನು ತಡೆಯಲು ಸುಗ್ರೀವಾಜ್ಞೆ ಬಂತು. ವಲಸೆ ಹೊರಟ ನಮ್ಮವರನ್ನು ಹೊತ್ತು ಹೋಗಿ ಕೆನಡಾದಿಂದ ವಾಪಸು ಬಂದ ಕೊಮಗಾಟ ಮಾರು ಹಡಗು ಅದೇ ತಿಂಗಳ ಕೊನೆಗೆ ಕಲ್ಕತ್ತಾ ಹತ್ತಿರದ ಬಜ್‌ಬಜ್ ಮುಟ್ಟಿತು, ಅಲ್ಲಿ ಗುಂಡು ಹಾರಿತು. 1915ರಲ್ಲಿ ಭಾರತ ರಕ್ಷಣಾ ಕಾಯ್ದೆ ಬಂತು. ಅದರ ಕೆಳಗೆ 1917ರಲ್ಲಿ ಪಾಸ್‌ಪೋರ್ಟ್ ನಿಯಮಗಳು. ಪಾಸ್‌ಪೋರ್ಟ್ ಇಲ್ಲದೆ ಹೊರಡುವ ಹಾಗಿಲ್ಲ ಅನ್ನುವುದು ಆಮೇಲಿನ ಮಾತು.

ಇದು ಸಣ್ಣ ತಪ್ಪು, ತಿದ್ದಿದರಾಯಿತು ಅಂತ ನೀವು ಅಂದುಕೊಳ್ಳಬಹುದು. ಹಾಗಲ್ಲ. ನಿಮ್ಮ ಕಥೆಯ ಜೀವವೇ ಅಲ್ಲಿದೆ. ಒಂದೇ ಬಂದರು, ಒಂದೇ ಮನೆಯ ಇಬ್ಬರು ಮಕ್ಕಳು. ನಡುವೆ ನಾಲ್ಕು ವರ್ಷ. ಅಣ್ಣ ಚೀಲ ಹೆಗಲಿಗೆ ಹಾಕಿ ಹೋದ, ತಮ್ಮನ ಹತ್ತಿರ ಕಾಗದ ಕೇಳಿದರು. ಅಣ್ಣನ ಕೈಗೂ ಪಾಸ್‌ಪೋರ್ಟ್ ಕೊಟ್ಟರೆ ಬದಲಾದದ್ದೇನು? ತಮ್ಮನ ದುರದೃಷ್ಟ ಮಾತ್ರ. ಕಥೆ ಹೋಯಿತು.

ಆ ಪಾಸ್‌ಪೋರ್ಟಿನ ಮೇಲೆ “ಅಶೋಕನ ಸಿಂಹಗಳು ಗಂಭೀರವಾಗಿ ನೋಡುತ್ತಿದ್ದವು” ಬೇರೆ. ಆ ಲಾಂಛನ ನಮ್ಮದಾದದ್ದು 1950ರ ಜನವರಿ 26ಕ್ಕೆ. ನಿಮ್ಮ ಮನೆಯ ಕಪಾಟಿನಲ್ಲಿರುವ ಪಾಸ್‌ಪೋರ್ಟ್ ನೋಡಿ ಬರೆದಿದ್ದೀರಿ ಅಂತ ಕಾಣುತ್ತದೆ.

ಎರಡನೆಯದು ಏಳನೇ ಪುಟ. ನನಗೆ ಸಿಟ್ಟು ಬಂದದ್ದು ಇಲ್ಲಿ. ತಮ್ಮ ಪಾಸ್‌ಪೋರ್ಟಿನ ಅರ್ಜಿ ಹಿಡಿದು ಕಲೆಕ್ಟರ್ ಕಚೇರಿಗೆ ಹೋಗುತ್ತಾನೆ.

“ಗುಮಾಸ್ತ ಗಹಗಹಿಸಿ ನಕ್ಕ.” ಯಾಕೆ? ದಿನಕ್ಕೆ ಎಷ್ಟು ಅರ್ಜಿ ನೋಡುತ್ತಾನೋ, ಎಲ್ಲದಕ್ಕೂ ನಗುತ್ತಾ ಕೂತರೆ ಅವನ ಗಂಟಲು ಏನಾಗಬೇಕು?

“ನಿನ್ನಂಥ ಗುಲಾಮರಿಗೆ ಪಾಸ್‌ಪೋರ್ಟೇ?” ಕಲೆಕ್ಟರ್ ಕಚೇರಿಯ ಗುಮಾಸ್ತ ನಮ್ಮ ಊರಿನವನೇ ಇದ್ದಾನು. ತುಳುವೋ ಕೊಂಕಣಿಯೋ ಮಾತಾಡುವವನು. ಅವನ ಬಾಯಲ್ಲಿ ನಾಟಕದ ದುಷ್ಟ ದೊರೆಯ ಮಾತು ಹಾಕಿದ್ದೀರಿ.

“ಅರ್ಜಿಯನ್ನು ಹರಿದು ಗಾಳಿಗೆ ತೂರಿದ.” ಕಚೇರಿಯವರು ಕಾಗದ ಹರಿಯುವುದಿಲ್ಲ. ಹರಿದರೆ ಕಡತಕ್ಕೆ ಯಾರು ಲೆಕ್ಕ ಕೊಡುವುದು? ಅವರು ಕಾಗದವನ್ನು ಇಟ್ಟುಕೊಳ್ಳುತ್ತಾರೆ. ಬರುವ ವಾರ ಬಾ ಅನ್ನುತ್ತಾರೆ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಜಿಲ್ಲೆ. “ಮದ್ರಾಸಿನಿಂದ ಏನೂ ಬಂದಿಲ್ಲ” ಅಂತ ಅವನು ತಲೆ ಎತ್ತದೆ ಹೇಳಲಿ. ಮೂರನೇ ಸಲ ಹೋದಾಗ ಕುಡಿಯಲಿಕ್ಕೆ ನೀರು ಕೊಡಲಿ, ಪಾಪ ಅನ್ನಲಿ. ಆಗ ಓದುವವನ ಹೊಟ್ಟೆಯಲ್ಲಿ ಏನೋ ಆಗುತ್ತದೆ.

“ತಮ್ಮನ ಎದೆಯಲ್ಲಿ ಅಸಹಾಯಕತೆಯ ಅಗ್ನಿಪರ್ವತ ಸ್ಫೋಟಿಸಿತು.” ಇದನ್ನು ಹೊಡೆದು ಹಾಕಿದ್ದೇನೆ. ಕ್ಷಮೆ ಕೇಳುವುದಿಲ್ಲ.

ಯಾಕೆಂದರೆ ಇಂಥದ್ದನ್ನು ನಾನೂ ಬರೆದಿದ್ದೇನೆ. 1990ರಲ್ಲಿ ಮಂಗಳೂರಿನ ಒಂದು ಪತ್ರಿಕೆಯಲ್ಲಿ ಟ್ರೈನಿ ಆಗಿದ್ದೆ. ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ಕುವೈತಿಗೆ ನುಗ್ಗಿತ್ತು. ಕುವೈತಿನಲ್ಲಿದ್ದ ನಮ್ಮವರು ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರು, ಅಲ್ಲಿಂದ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಏರ್ ಇಂಡಿಯಾ ಕರೆತಂತು. ಬಾಂಬೆಯಲ್ಲಿ ಇಳಿದವರು ಬಸ್ಸಿನಲ್ಲಿ ಊರಿಗೆ ಬರುತ್ತಿದ್ದರು. ಕೊಂಕಣ ರೈಲು ಇನ್ನೂ ಇರಲಿಲ್ಲ. ಕಾಪು ಹತ್ತಿರದ ಒಂದು ಮನೆಗೆ ಹೋಗಿ, ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದವರೊಬ್ಬರನ್ನು ಮಾತಾಡಿಸಿ ಬಂದೆ. ಕಣ್ಣೀರ ಕೋಡಿ, ಕಮರಿದ ಕನಸು ಎಲ್ಲ ಸೇರಿಸಿ ಎರಡು ಕಾಲಂ ಬರೆದೆ.

ವರದಿಗಳನ್ನು ತಿದ್ದುವ ನಮ್ಮ ಚೀಫ್ ಸಬ್ ಎಡಿಟರ್ ಓದಿ ಕನ್ನಡಕ ತೆಗೆದರು. “ಪಾಸ್‌ಪೋರ್ಟ್ ಧಣಿಯ ಹತ್ತಿರ ಇರ್ತದೆ. ಧಣಿ ಓಡಿ ಹೋಗಿದ್ದಾನೆ. ಹಾಗಾದ್ರೆ ಇವರು ಯಾವ ಕಾಗದ ತೋರಿಸಿ ಬಂದದ್ದು?”

ನಾನು ಕೇಳಿರಲಿಲ್ಲ.

ಮರುದಿನ ಮಳೆಯಲ್ಲಿ ಮತ್ತೆ ಬಸ್ಸು ಹತ್ತಿ ಹೋದೆ. ರಾಯಭಾರ ಕಚೇರಿಯವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟಿದ್ದರಂತೆ. ಅದನ್ನು ಬಾಂಬೆಯಲ್ಲಿ ಇಮಿಗ್ರೇಷನ್‌ನವರು ತೆಗೆದುಕೊಂಡರಂತೆ. “ಅದು ಬರ್ಲಿಕ್ಕೆ ಮಾತ್ರ, ಹೋಗ್ಲಿಕ್ಕೆ ಆಗುದಿಲ್ಲ” ಅಂದರು ಆ ಅಡುಗೆಯವರು. ಆಮೇಲೆ ಒಳಗೆ ಹೋಗಿ ಪ್ಲಾಸ್ಟಿಕ್ ತೊಟ್ಟೆಯೊಂದನ್ನು ತಂದರು. ಅದರೊಳಗೆ ಇನ್ನೊಂದು ತೊಟ್ಟೆ, ರಬ್ಬರ್ ಬ್ಯಾಂಡ್. ಬಿಚ್ಚಿದರೆ ಕುವೈತಿನ ಸಿವಿಲ್ ಐಡಿ, ಅಂದರೆ ಅಲ್ಲಿ ವಾಸಿಸುವವರ ಗುರುತಿನ ಕಾರ್ಡ್. ಹದಿನಾಲ್ಕು ವರ್ಷದ ದುಡಿಮೆಯಲ್ಲಿ ಕೈಯಲ್ಲಿ ಉಳಿದ ಕಾಗದ ಅದೊಂದೇ. ಅದನ್ನು ಲುಂಗಿಗೆ ಒರೆಸಿ ಮತ್ತೆ ಹಾಗೇ ಸುತ್ತಿಟ್ಟರು. ನಾನು ಆ ತೊಟ್ಟೆಯ ಬಗ್ಗೆ ಬರೆದೆ. ಚೀಫ್ ಸಬ್ ಏನೂ ಹೇಳದೆ ಪ್ರೆಸ್ಸಿಗೆ ಕಳಿಸಿದರು. ಅವರು ಸುಮ್ನೆ ಇದ್ದದ್ದು ಅದೇ ಮೊದಲು.

ನಿಮ್ಮ ಕೊನೆಯ ಪ್ಯಾರಾದ ಬಗ್ಗೆ ನನ್ನದೇನೂ ತಕರಾರಿಲ್ಲ. ಬೇಕಾದರೆ ಒಂದು ವಾಕ್ಯ ಸೇರಿಸಿ: ಯುದ್ಧ 1918ಕ್ಕೆ ಮುಗಿಯಿತು, ಪಾಸ್‌ಪೋರ್ಟ್ ಕೇಳುವುದು ಮುಗಿಯಲಿಲ್ಲ. 1920ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿದರು. ತಮ್ಮ ಕಾಯುತ್ತಲೇ ಇರಬಹುದು.

ತಿದ್ದಿ ಕಳಿಸಿ, ನಾನೇ ಓದುತ್ತೇನೆ. ಹಾಂ, ಮರೆತಿದ್ದೆ. ತಮ್ಮ ಸ್ಟೀಮರ್ ಹಿಡಿಯಲು ಬಂದರಿಗೆ ಹೋದದ್ದು ಆಷಾಢದಲ್ಲಿ ಅಂತ ಬರೆದಿದ್ದೀರಿ. ಜಡಿಮಳೆಯ ತಿಂಗಳಲ್ಲಿ ಬಾಂಬೆ ಸ್ಟೀಮರ್ ಈ ಕಡೆ ಬರುತ್ತಿರಲಿಲ್ಲ. ತಿಂಗಳು ಬದಲಿಸಿ. ಇಲ್ಲವೇ ಹಾಗೇ ಬಿಡಿ, ಹಡಗಿಲ್ಲ ಅಂತ ಗೊತ್ತಿದ್ದೂ ಅವನು ಹೋಗಿ ನಿಲ್ಲಲಿ.