ಓದುಗರ ಪ್ರಶ್ನೆ: ಲಂಡನ್‌ಗೆ ಹೋಗಲು ಆರೇ ತಾಸು, ಬರಲು ಹದಿನೈದು?

ಪ್ರಶ್ನೆ: ಜನವರಿಯ ಟಿಕೆಟ್‌ನಲ್ಲಿ ಬೆಂಗಳೂರು ಬಿಡುವುದು ಬೆಳಿಗ್ಗೆ 7.00, ಲಂಡನ್ ತಲುಪುವುದು ಅದೇ ದಿನ ಮಧ್ಯಾಹ್ನ 1.00 ಎಂದಿದೆ. ವಾಪಸು ಮಧ್ಯಾಹ್ನ 2.00ಕ್ಕೆ ಹೊರಟರೆ ಮರುದಿನ ಬೆಳಗಿನ ಜಾವ 5.00. ಇಷ್ಟು ವ್ಯತ್ಯಾಸ ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಟಿಕೆಟ್‌ನಲ್ಲಿ ಆಯಾ ಊರಿನ ಸ್ಥಳೀಯ ಸಮಯವನ್ನೇ ಹಾಕಿರುತ್ತಾರೆ. ಚಳಿಗಾಲದಲ್ಲಿ ಲಂಡನ್ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದೆ. ಹೋಗುವಾಗಿನ 6 ತಾಸಿಗೆ ಐದೂವರೆ ಕೂಡಿಸಿ: ಹನ್ನೊಂದೂವರೆ. ಬರುವಾಗಿನ 15ರಲ್ಲಿ ಐದೂವರೆ ಕಳೆಯಿರಿ: ಒಂಬತ್ತೂವರೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ತಾಸು ಮುಂದಿರುವುದರಿಂದ ಆಗ ಐದೂವರೆಯ ಬದಲು ನಾಲ್ಕೂವರೆ ಹಿಡಿಯಬೇಕು. ತಪ್ಪಾಗುವುದು ಹೆಚ್ಚಾಗಿ ಇಲ್ಲಿಯೇ.

ಉಳಿದ ಎರಡು ತಾಸಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ಗಾಳಿ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ, ಭೂಮಿಯ ಜೊತೆಗೆ ವಾತಾವರಣವೂ ತಿರುಗುತ್ತದೆ. ವಿಮಾನ ಹಾರುವ 10–12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ವಿಮಾನದ ವೇಗ ತಾಸಿಗೆ 900 ಕಿ.ಮೀ., ದಾರಿಯುದ್ದಕ್ಕೂ ಗಾಳಿ ಸರಾಸರಿ 80 ಎಂದಿಟ್ಟುಕೊಳ್ಳಿ. ಎದುರುಗಾಳಿಗೆ ನೆಲದ ಮೇಲಿನ ವೇಗ 820, 8,000 ಕಿ.ಮೀ.ಗೆ ಒಂಬತ್ತು ಮುಕ್ಕಾಲು ತಾಸು. ಬರುವಾಗ 980, ಎಂಟು ತಾಸು ಹತ್ತು ನಿಮಿಷ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆ ತಗಲುವ ಹೆಚ್ಚಿನ ಸಮಯ ಎರಡೂ ಕಡೆ ಸೇರುತ್ತದೆ. ಟಿಕೆಟ್‌ನ ಸಮಯ ಗೇಟ್‌ನಿಂದ ಗೇಟ್‌ಗೆ. ಮಿಕ್ಕಿದ್ದು ಸುತ್ತುದಾರಿಯದು.

ಪ್ರಶ್ನೆ: ದೂರವನ್ನು ನಾವೇ ಅಳೆಯಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯಬೇಡಿ, ಉತ್ತರಕ್ಕೆ ಹೋದಂತೆ ಅದು ಹಿಗ್ಗಿರುತ್ತದೆ. ಶಾಲೆಯ ಗ್ಲೋಬ್ ತನ್ನಿ. ವ್ಯಾಸ 30 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 94 ಸೆಂ.ಮೀ.; ಭೂಮಿಯ ಸುತ್ತಳತೆ 40,000 ಕಿ.ಮೀ. ಆದ್ದರಿಂದ ಒಂದು ಸೆಂ.ಮೀ.ಗೆ 425 ಕಿ.ಮೀ. ಬೆಂಗಳೂರಿನಿಂದ ಲಂಡನ್‌ಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ, ಸಡಿಲ ಬಿಟ್ಟರೆ ಲೆಕ್ಕ ಕೆಡುತ್ತದೆ. ಸುಮಾರು 19 ಸೆಂ.ಮೀ. ಬರುತ್ತದೆ, ಅಂದರೆ 8,000 ಕಿ.ಮೀ. ಮೇಲೆ ಚೂರು.

ಆ ದಾರ ಎಲ್ಲೆಲ್ಲಿ ಹಾಯುತ್ತದೆ ಎಂದೂ ನೋಡಿ: ಕರಾಚಿಯ ಆಸುಪಾಸು, ಇರಾನ್, ಕ್ಯಾಸ್ಪಿಯನ್ ಸಮುದ್ರ, ಉಕ್ರೇನ್. ಉಕ್ರೇನ್ ಆಕಾಶ 2022ರ ಫೆಬ್ರವರಿಯಲ್ಲಿ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಹೀಗೆ ಬಳಸಿಕೊಂಡು ಹೋಗಬೇಕಾದಾಗ ದಾರದ ಅಳತೆಗಿಂತ ಹಾರಿದ ದೂರ ಹೆಚ್ಚುತ್ತದೆ.

ಪ್ರಶ್ನೆ: 15ನೇ ತಾರೀಕು 01.30ರ ವಿಮಾನಕ್ಕೆ ಚಿತ್ರದುರ್ಗ ಎಷ್ಟೊತ್ತಿಗೆ ಬಿಡಬೇಕು?
– ಓದುಗರು, ಚಿತ್ರದುರ್ಗ

ಉತ್ತರ: 14ರ ಸಂಜೆ 6ಕ್ಕೆ. 15ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ. ಮೂರು ತಾಸು ಮುಂಚೆ, ಅಂದರೆ ರಾತ್ರಿ 10.30ಕ್ಕೆ ನಿಲ್ದಾಣದಲ್ಲಿರಬೇಕು, ಬಹುತೇಕ ಸಂಸ್ಥೆಗಳು ಒಂದು ತಾಸು ಮೊದಲೇ ಚೆಕ್-ಇನ್ ಕೌಂಟರ್ ಮುಚ್ಚುತ್ತವೆ. ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ಸಂಜೆಯ ಟ್ರಾಫಿಕ್ ತಪ್ಪುತ್ತದೆ. ದಾವಣಗೆರೆಯವರು ಒಂದು ತಾಸು ಮುಂಚೆ ಹೊರಡಿ. ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ. ಡ್ರೈವರ್‌ಗೆ ಮೊದಲೇ ಹೇಳಿಡಿ.