ಪರದೆಯ ಮೇಲೆ ಸಮನಾಗಿ ಬೀಳುವ ಬೆಳಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರೊಜೆಕ್ಟರ್‌ಗಳನ್ನು ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ನಾಲ್ಕೂ ಪತ್ರಗಳು ಚಿತ್ರವನ್ನು ಮೂಡಿಸುವ ಭಾಗಕ್ಕಿಂತ, ಆ ಚಿತ್ರಕ್ಕೆ ಬೆಳಕು ಒದಗಿಸುವ ಭಾಗದ ಬಗ್ಗೆ ಕೇಳಿವೆ. ಪ್ರೊಜೆಕ್ಟರ್ ವಿನ್ಯಾಸದಲ್ಲಿ ಕಷ್ಟವಿರುವುದೂ ಹೆಚ್ಚಾಗಿ ಅಲ್ಲಿಯೇ.

ಪ್ರಶ್ನೆ: ನಾನು ಹಿಂದೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಕಾರ್ಬನ್ ಕಡ್ಡಿಗಳ ಅಂತರ ಸ್ವಲ್ಪ ತಪ್ಪಿದರೂ ಪರದೆಯ ಒಂದು ಬದಿ ಕಂದಾಗಿ ಅಥವಾ ನೀಲಿಯಾಗಿ ಕಾಣುತ್ತಿತ್ತು. ಈಗಿನ ಪ್ರೊಜೆಕ್ಟರ್‌ಗಳಲ್ಲಿ ದೀಪದ ಪಕ್ಕ ಯಾರೂ ನಿಂತಿರುವುದಿಲ್ಲ, ಆದರೂ ಪರದೆ ಸಮನಾಗಿ ಬೆಳಗುತ್ತದೆ. ಇದು ಹೇಗೆ? (ಮಂಡ್ಯದ ಓದುಗರು)

ಉತ್ತರ: ನೀವು ನಡೆಸುತ್ತಿದ್ದ ಯಂತ್ರದಲ್ಲಿ ಧನ ಕಾರ್ಬನ್ ಕಡ್ಡಿಯ ತುದಿಯಲ್ಲಿ ಉರಿಯುವ ಕುಳಿಯ ಬಿಂಬವನ್ನು ಹಿಂದಿನ ನಿಮ್ನ ಕನ್ನಡಿ ನೇರವಾಗಿ ಫಿಲ್ಮ್ ಗೇಟಿನ (ಫಿಲ್ಮ್ ಹಾದುಹೋಗುವ ಕಿಂಡಿಯ) ಮೇಲೆ ಮೂಡಿಸುತ್ತಿತ್ತು. ಕುಳಿ ಹೆಚ್ಚುಕಡಿಮೆ ಸಮನಾಗಿ ಕಾದ ಬಿಲ್ಲೆಯಾದ್ದರಿಂದ ಈ ಏರ್ಪಾಡು ನಡೆಯುತ್ತಿತ್ತು. ಆದರೆ ಗೇಟಿನ ಮೇಲೆ ಬಿದ್ದದ್ದು ದೀಪದ ಚಿತ್ರವೇ ಆದ್ದರಿಂದ, ಕುಳಿ ತನ್ನ ಜಾಗ ಬಿಟ್ಟರೆ ಅದರ ಅಂಚು ಪರದೆಯ ಮೇಲೆ ಕಾಣದೆ ಇರುತ್ತಿರಲಿಲ್ಲ.

ತಂತಿಯ ಬಲ್ಬಿಗೆ ಈ ಉಪಾಯ ಒಗ್ಗುವುದಿಲ್ಲ, ಏಕೆಂದರೆ ಹಾಗೆ ಮಾಡಿದರೆ ತಂತಿಯ ಸುರುಳಿಗಳೇ ಗೋಡೆಯ ಮೇಲೆ ಮೂಡುತ್ತವೆ. ಆದ್ದರಿಂದ ಸ್ಲೈಡ್ ಪ್ರೊಜೆಕ್ಟರ್‌ನಲ್ಲಿ ಕಂಡೆನ್ಸರ್ ಮಸೂರಗಳು ತಂತಿಯ ಬಿಂಬವನ್ನು ಸ್ಲೈಡಿನ ಮೇಲೆ ಮೂಡಿಸದೆ, ಮುಂದಿರುವ ಪ್ರಕ್ಷೇಪಕ ಮಸೂರದ ಒಳಗೆ ಮೂಡಿಸುತ್ತವೆ. ಆಗ ಸ್ಲೈಡಿನ ಪ್ರತಿಯೊಂದು ಬಿಂದುವಿಗೂ ಇಡೀ ತಂತಿಯಿಂದ ಬೆಳಕು ಬರುತ್ತದೆ, ತಂತಿಯ ಆಕಾರ ಎಲ್ಲಿಯೂ ಕಾಣುವುದಿಲ್ಲ. ಸೂಕ್ಷ್ಮದರ್ಶಕಗಳಿಗಾಗಿ ಈ ಕ್ರಮವನ್ನು ಜರ್ಮನಿಯ ಆಗಸ್ಟ್ ಕೋಲರ್ 1893ರಲ್ಲಿ ವಿವರಿಸಿದರು.

ಇಂದಿನ ಪ್ರೊಜೆಕ್ಟರ್ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತದೆ. ದೀಪದ ಎದುರಿಗೆ ಎರಡು ಗಾಜಿನ ಫಲಕಗಳಿರುತ್ತವೆ, ಒಂದೊಂದರ ಮೇಲೂ ಹತ್ತಾರು ಪುಟ್ಟ ಆಯತಾಕಾರದ ಮಸೂರಗಳು ಒತ್ತೊತ್ತಾಗಿ ಅಚ್ಚಾಗಿರುತ್ತವೆ. ಕೆಟ್ಟುಹೋದ ಪ್ರೊಜೆಕ್ಟರ್ ಬಿಚ್ಚಿದಾಗ ಸಿಕ್ಕ ಇಂಥದೊಂದು ಫಲಕ ನನ್ನ ಮೇಜಿನ ಮೇಲಿದೆ. ಅದನ್ನು ಕಿಟಕಿಯ ಕಡೆಗೆ ಹಿಡಿದು ಹಿಂದೆ ಬಿಳಿ ಕಾಗದವಿಟ್ಟು ಹಿಂದೆಮುಂದೆ ಸರಿಸಿದರೆ, ಒಂದು ಅಂತರದಲ್ಲಿ ಕಾಗದದ ತುಂಬ ಪುಟ್ಟ ಪುಟ್ಟ ಕಿಟಕಿಗಳು ಸಾಲುಗಟ್ಟಿ ಮೂಡುತ್ತವೆ, ಪ್ರತಿಯೊಂದೂ ತಲೆಕೆಳಗು, ಪ್ರತಿಯೊಂದರಲ್ಲೂ ಕಿಟಕಿಯ ಸರಳುಗಳು. ಪ್ರೊಜೆಕ್ಟರ್‌ನ ಒಳಗೆ ಕಿಟಕಿಯ ಸ್ಥಾನದಲ್ಲಿ ದೀಪವಿರುತ್ತದೆ. ಮೊದಲ ಫಲಕದ ಒಂದೊಂದು ಮಸೂರವೂ ದೀಪದ ಬಿಂಬವನ್ನು ಎರಡನೆಯ ಫಲಕದ ತನ್ನ ಜೋಡಿ ಮಸೂರದೊಳಗೆ ಬೀಳಿಸುತ್ತದೆ. ಎರಡನೆಯ ಫಲಕವು ಮುಂದಿನ ದೊಡ್ಡ ಮಸೂರದ ಜೊತೆಗೂಡಿ, ಮೊದಲ ಫಲಕದ ಎಲ್ಲ ಪುಟ್ಟ ಆಯತಗಳನ್ನೂ ಹಿಗ್ಗಿಸಿ ಚಿತ್ರಫಲಕದ (ಚಿತ್ರ ಮೂಡಿಸುವ ಪುಟ್ಟ ಎಲ್‌ಸಿಡಿ ಅಥವಾ ಚಿಪ್‌ನ) ಮೇಲೆ ಒಂದರ ಮೇಲೊಂದು ಹಾಸುತ್ತದೆ. ಒಂದು ಆಯತದಲ್ಲಿ ಎಡಬದಿ ಮಂಕಾಗಿದ್ದರೆ ಇನ್ನೊಂದರಲ್ಲಿ ಬಲಬದಿ ಮಂಕಾಗಿರುತ್ತದೆ, ಎಲ್ಲವೂ ಕೂಡಿದಾಗ ಏರುಪೇರು ಅಳಿದುಹೋಗುತ್ತದೆ. ನೀವು ಕೈಯಿಂದ ಕಡ್ಡಿ ಸರಿಪಡಿಸಿ ಕಾಪಾಡುತ್ತಿದ್ದ ಸಮತೆಯನ್ನು ಈಗ ಈ ಜೋಡಿ ಫಲಕಗಳು ಕಾಪಾಡುತ್ತವೆ. ದೀಪ ಸ್ವಲ್ಪ ಜರುಗಿದರೆ ಇಡೀ ಪರದೆ ಒಟ್ಟಾಗಿ ಮಂಕಾಗುತ್ತದೆಯೇ ಹೊರತು ಒಂದು ಬದಿ ಮಾತ್ರ ಮಂಕಾಗುವುದು ಕಡಿಮೆ.

ಪ್ರಶ್ನೆ: ನಮ್ಮ ಶಾಲೆಯ ಎಲ್‌ಸಿಡಿ ಪ್ರೊಜೆಕ್ಟರ್ ಐದಾರು ವರ್ಷ ಹಳೆಯದು. ಈಗ ಪರದೆಯ ಮೇಲಿನ ಮೂಲೆಯಲ್ಲಿ ಹಳದಿ ಕಲೆ ಕಾಣುತ್ತಿದೆ. ದೀಪ ಬದಲಿಸಿದರೆ ಹೋಗುತ್ತದೆಯೆ? (ಶಿರಸಿಯ ಶಿಕ್ಷಕಿ)

ಉತ್ತರ: ದೀಪಕ್ಕೆ ಹಣ ಹಾಕುವ ಮೊದಲು ಕಂಪ್ಯೂಟರಿನಲ್ಲಿ ಪೂರ್ತಿ ಕೆಂಪು, ಪೂರ್ತಿ ಹಸಿರು, ಪೂರ್ತಿ ನೀಲಿ ಪರದೆಗಳನ್ನು ಒಂದಾದ ಮೇಲೊಂದು ತೋರಿಸಿ ನೋಡಿ. ಇಂಥ ಪ್ರೊಜೆಕ್ಟರ್‌ನಲ್ಲಿ ಮೂರು ಬಣ್ಣಗಳ ಬೆಳಕಿಗೂ ಬೇರೆಬೇರೆ ದಾರಿಗಳಿರುತ್ತವೆ. ಕಲೆ ನೀಲಿಯಲ್ಲಿ ಮಾತ್ರ ಕಪ್ಪಗೆ ಕಂಡು, ಉಳಿದೆರಡರಲ್ಲಿ ಕಾಣದಿದ್ದರೆ ತೊಂದರೆ ನೀಲಿ ಬೆಳಕಿನ ದಾರಿಯಲ್ಲಿದೆ: ಅಲ್ಲಿಯ ಧ್ರುವೀಕರಣ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಹಾಯಬಿಡುವ ಹಾಳೆ) ಅಥವಾ ಎಲ್‌ಸಿಡಿ ಫಲಕ ಶಾಖದಿಂದ ಸುಟ್ಟಿದೆ. ನೀಲಿ ಕಡಿಮೆಯಾದಲ್ಲಿ ಬಿಳಿ ಹಳದಿಯಾಗಿ ಕಾಣುವುದು ಸಹಜ. ಹೊಸ ದೀಪ ಇದನ್ನು ಸರಿಪಡಿಸುವುದಿಲ್ಲ. ಮೂರು ಬಣ್ಣಗಳಲ್ಲೂ ಅದೇ ಜಾಗ ಮಂಕಾಗಿದ್ದರೆ ಮಾತ್ರ ದೋಷ ಮೂರಕ್ಕೂ ಸಮಾನವಾದ ದಾರಿಯಲ್ಲಿ ಇರಬಹುದು. ಎರಡೂ ಸಂದರ್ಭಗಳಲ್ಲಿ ಗಾಳಿಯ ಫಿಲ್ಟರನ್ನು ತಪ್ಪದೆ ಶುಚಿ ಮಾಡಿಸಿ, ಸೀಮೆಸುಣ್ಣದ ಧೂಳು ಅದನ್ನು ಬೇಗ ಮುಚ್ಚುತ್ತದೆ, ಮುಚ್ಚಿದ ಫಿಲ್ಟರ್ ಒಳಗಿನ ಹಾಳೆಗಳನ್ನು ಸುಡುತ್ತದೆ.

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ, ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಚಿಪ್ ಬಳಸಿ ಪ್ರೊಜೆಕ್ಟರ್ ಕಟ್ಟುತ್ತಿದ್ದೇವೆ. ಬೆಳಕು ಸಾಲದೆಂದು ಚಿಕ್ಕ ಎಲ್‌ಇಡಿ ತೆಗೆದು 50 ವ್ಯಾಟ್‌ನ ದೊಡ್ಡ ಎಲ್‌ಇಡಿ ಹಾಕಿದೆವು, ದೊಡ್ಡ ಮಸೂರವನ್ನೂ ಇಟ್ಟೆವು. ಪರದೆ ಒಂದಿಷ್ಟೂ ಹೆಚ್ಚು ಬೆಳಗಲಿಲ್ಲ. ಎಲ್ಲಿ ತಪ್ಪಿದೆವು? (ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು)

ಉತ್ತರ: ನಿಮ್ಮ ಮಸೂರಗಳಲ್ಲಿ ತಪ್ಪಿಲ್ಲ, ದೀಪದ ಆಯ್ಕೆಯಲ್ಲಿ ತಪ್ಪಿದೆ. ಬೆಳಕು ಹೊರಡುವ ಜಾಗದ ವಿಸ್ತೀರ್ಣವನ್ನೂ ಅದು ಹರಡುವ ಕೋನವನ್ನೂ ಸೇರಿಸಿ ಅಳೆಯುವ ಒಂದು ಪರಿಮಾಣವಿದೆ. ಅದರ ಫ್ರೆಂಚ್ ಹೆಸರು ಎಟಾಂಡ್ಯು, ಕನ್ನಡದಲ್ಲಿ ಹರವು ಎನ್ನೋಣ. ರೊಟ್ಟಿ ತಟ್ಟುವಾಗ ಅಗಲವಾದಷ್ಟೂ ತೆಳುವಾಗುತ್ತದೆ, ಹಿಟ್ಟು ಮಾತ್ರ ಅಷ್ಟೇ ಇರುತ್ತದೆ. ಬೆಳಕೂ ಹಾಗೆಯೇ: ಮಸೂರದಿಂದ ಕೋನವನ್ನು ಕಿರಿದು ಮಾಡಿದರೆ ವಿಸ್ತೀರ್ಣ ಹಿಗ್ಗುತ್ತದೆ, ವಿಸ್ತೀರ್ಣವನ್ನು ಕುಗ್ಗಿಸಿದರೆ ಕೋನ ಹಿಗ್ಗುತ್ತದೆ. ಬೆಳಕನ್ನು ಕಳೆದುಕೊಳ್ಳದೆ ಎರಡನ್ನೂ ಒಟ್ಟಿಗೆ ಕುಗ್ಗಿಸಬಲ್ಲ ಮಸೂರವಾಗಲಿ ಕನ್ನಡಿಯಾಗಲಿ ಇಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಡಿಎಲ್‌ಪಿ ಚಿಪ್ಪನ್ನು 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ರೂಪಿಸಿದರು. ಅದರ ಮೇಲಿನ ಪುಟ್ಟ ಕನ್ನಡಿಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತವೆ. ಅನೇಕ ಚಿಪ್‌ಗಳಲ್ಲಿ ಈ ವಾಲು 12 ಡಿಗ್ರಿ. ಬೆಳಗುವ ಸ್ಥಿತಿಯ ಬೆಳಕು ಆರಿದ ಸ್ಥಿತಿಯ ಬೆಳಕಿನೊಂದಿಗೆ ಬೆರೆಯಬಾರದಾದ್ದರಿಂದ, ಒಳಬರುವ ಬೆಳಕಿನ ಶಂಕುವಿನ ಅರೆಕೋನವೂ ಸುಮಾರು 12 ಡಿಗ್ರಿಯನ್ನು ಮೀರುವಂತಿಲ್ಲ. ಮಸೂರದ ಭಾಷೆಯಲ್ಲಿ ಇದು ಎಫ್/2.4. ನಿಮ್ಮ ಚಿಪ್ 10 ಮಿ.ಮೀ. ಅಗಲ, 6 ಮಿ.ಮೀ. ಎತ್ತರ ಎಂದುಕೊಂಡರೆ ಅದರ ವಿಸ್ತೀರ್ಣ 60 ಚದರ ಮಿ.ಮೀ. 12 ಡಿಗ್ರಿಯ ಸೈನ್ ವರ್ಗ 0.043. ಎರಡನ್ನೂ ಗುಣಿಸಿದರೆ ಸುಮಾರು 2.6 ಬರುತ್ತದೆ. ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವ ಎಲ್‌ಇಡಿಯ ಮುಖದಲ್ಲಿ 2.6 ಚದರ ಮಿ.ಮೀ.ಗೆ ಸಮನಾದ ಹರವಿನ ಬೆಳಕನ್ನಷ್ಟೇ ಈ ಚಿಪ್ ನುಂಗಬಲ್ಲದು ಎಂದು ಇದರ ಅರ್ಥ. ನಿಮ್ಮ 50 ವ್ಯಾಟ್ ಎಲ್‌ಇಡಿಯ ಹಳದಿ ಬಿಲ್ಲೆ 20 ಮಿ.ಮೀ. ವ್ಯಾಸದ್ದಾಗಿದ್ದರೆ ಅದರ ಮುಖ 314 ಚದರ ಮಿ.ಮೀ. ಆಗುತ್ತದೆ. ನೂರರಲ್ಲಿ ಒಂದು ಪಾಲು ಬೆಳಕೂ ಚಿಪ್ಪಿಗೆ ದಕ್ಕಲಿಲ್ಲ, ಉಳಿದದ್ದು ಡಬ್ಬಿಯ ಒಳಗೋಡೆಗಳನ್ನು ಕಾಯಿಸಿತು.

ಆದ್ದರಿಂದ ವ್ಯಾಟ್ ನೋಡಬೇಡಿ, ಮುಖದ ಪ್ರತಿ ಚದರ ಮಿಲಿಮೀಟರಿನಿಂದ ಎಷ್ಟು ಬೆಳಕು ಹೊರಡುತ್ತದೆ ಎಂಬುದನ್ನು ನೋಡಿ. ಒಂದೆರಡು ಚದರ ಮಿ.ಮೀ. ಮುಖದ, ಹೆಚ್ಚು ಕರೆಂಟ್ ತಾಳುವ ಎಲ್‌ಇಡಿಯನ್ನು ಒಳ್ಳೆಯ ತಾಮ್ರದ ಹೀಟ್‌ಸಿಂಕಿನ ಮೇಲೆ ಕೂರಿಸಿ. ಮೇಲೆ ಗುಮ್ಮಟದಂಥ ಸಿಲಿಕೋನ್ ಮಸೂರವಿರುವುದನ್ನು ಬಿಟ್ಟು ಚಪ್ಪಟೆ ಕಿಟಕಿಯದನ್ನು ಆರಿಸಿ. ಗುಮ್ಮಟ ಹೆಚ್ಚು ಬೆಳಕನ್ನು ಹೊರತರುತ್ತದೆ, ನಿಜ, ಆದರೆ ಮುಖವನ್ನು ಎರಡು ಪಟ್ಟಿಗಿಂತ ದೊಡ್ಡದಾಗಿ ಕಾಣಿಸುತ್ತದೆ. ಒಂದೇ ಬಣ್ಣದ ಎರಡು ಎಲ್‌ಇಡಿಗಳನ್ನು ಪಕ್ಕಪಕ್ಕ ಇಟ್ಟರೆ ಹರವು ಇಮ್ಮಡಿಯಾಗುತ್ತದೆ. ಕೆಂಪು, ಹಸಿರು, ನೀಲಿಯನ್ನು, ಒಂದು ಬಣ್ಣವನ್ನು ಮರಳಿಸಿ ಉಳಿದವನ್ನು ಹಾಯಬಿಡುವ ಡೈಕ್ರೊಯಿಕ್ ಕನ್ನಡಿಗಳಿಂದ ಒಂದೇ ದಾರಿಗೆ ತಂದರೆ ಹರವು ಬೆಳೆಯುವುದಿಲ್ಲ, ಏಕೆಂದರೆ ಅಲ್ಲಿ ಬಣ್ಣಗಳು ಒಂದರ ಮೇಲೊಂದು ಕೂರುತ್ತವೆ. ಪೇಟೆಯ ಲೇಸರ್ ಪ್ರೊಜೆಕ್ಟರ್‌ಗಳು ಗೆದ್ದದ್ದೂ ಇಲ್ಲಿಯೇ: ನೀಲಿ ಲೇಸರನ್ನು ಫಾಸ್ಫರಿನ ಪುಟ್ಟ ಚುಕ್ಕೆಯ ಮೇಲೆ ಬೀಳಿಸಿದರೆ ಆ ಚುಕ್ಕೆಯಿಂದ ಬಹಳ ತೀಕ್ಷ್ಣವಾದ ಹಳದಿ ಬೆಳಕು ಹೊರಡುತ್ತದೆ, ಒಂದೇ ಜಾಗ ಸುಡದಿರಲೆಂದು ಫಾಸ್ಫರನ್ನು ಚಕ್ರದ ಮೇಲೆ ತಿರುಗಿಸುತ್ತಾರೆ. ಅಂಥ ಲೇಸರನ್ನು ದಯವಿಟ್ಟು ಕಾಲೇಜಿನ ಮೇಜಿನ ಮೇಲೆ ತೆರೆದಿಟ್ಟು ಪ್ರಯೋಗಿಸಬೇಡಿ, ಹೊಳೆಯುವ ಒಂದು ಸ್ಕ್ರೂನಿಂದ ಮರಳಿದ ಕಿರಣವೂ ಕಣ್ಣನ್ನು ಕಳೆಯಬಲ್ಲದು.

ಪ್ರಶ್ನೆ: ಎಲ್‌ಸಿಡಿ ಫಲಕಕ್ಕೆ ಧ್ರುವೀಕೃತ ಬೆಳಕು ಬೇಕು ಎನ್ನುತ್ತಾರೆ. ಹಾಗಾದರೆ ದೀಪದ ಅರ್ಧ ಬೆಳಕು ಮೊದಲೇ ಹಾಳಾಗುವುದಿಲ್ಲವೆ? (ಮೈಸೂರಿನ ಓದುಗರು)

ಉತ್ತರ: ಆರಂಭದ ಪ್ರೊಜೆಕ್ಟರ್‌ಗಳಲ್ಲಿ ಹಾಳಾಗುತ್ತಿತ್ತು. ಈಗ ಎರಡನೆಯ ಮಸೂರ ಫಲಕದ ಹಿಂದೆ ಸಣ್ಣ ಪಟ್ಟಿಗಳ ಪ್ರಿಸ್ಮ್ ಸಾಲೊಂದಿರುತ್ತದೆ. ಅದು ಎರಡು ಬಗೆಯ ಧ್ರುವೀಕರಣವನ್ನು ಬೇರ್ಪಡಿಸಿ, ಬೇಡದ ಅರ್ಧವನ್ನು ಅರ್ಧತರಂಗ ಹಾಳೆಯ ಮೂಲಕ ಹಾಯಿಸಿ ಬೇಕಾದ ದಿಕ್ಕಿಗೆ ತಿರುಗಿಸುತ್ತದೆ. ದೀಪದ ಒಂದು ಬಿಂಬವಿದ್ದಲ್ಲಿ ಈಗ ಎರಡು ಬಿಂಬಗಳು ಪಕ್ಕಪಕ್ಕ ಇರುತ್ತವೆ, ಅಂದರೆ ಹುಬ್ಬಳ್ಳಿಯವರಿಗೆ ಹೇಳಿದ ಹರವು ಇಮ್ಮಡಿಯಾಗುತ್ತದೆ. ಹಲವು ಮಿಲಿಮೀಟರ್ ಉದ್ದದ ಚಾಪ (ಬೆಳಗುವ ವಿದ್ಯುತ್ ಕಿಡಿ) ಇರುವ ದೀಪವಾದರೆ ಹೀಗೆ ಮರಳಿ ಪಡೆದ ಬೆಳಕಿನ ಬಹುಪಾಲು ಚಿತ್ರಫಲಕದ ಹೊರಗೆ ಚೆಲ್ಲಿಹೋಗುತ್ತದೆ. 1995ರಲ್ಲಿ ಫಿಲಿಪ್ಸ್ ಹೊರತಂದ ಯುಎಚ್‌ಪಿ ದೀಪದಲ್ಲಿ ಪಾದರಸದ ಆವಿಯ ಒತ್ತಡ ಸುಮಾರು 200 ಬಾರ್, ಚಾಪದ ಉದ್ದ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಅಷ್ಟೆ. ಅಷ್ಟು ಚಿಕ್ಕ ಚಾಪ ಸಿಕ್ಕ ಮೇಲೆ, ಎರಡು ಬಿಂಬಗಳಿಗೂ ಮಸೂರ ಫಲಕದಲ್ಲಿ ಜಾಗ ಸಾಕಾಯಿತು.